ಕಸ್ಟಮ್ಸ್‌ನವರು ತಡೆದ ಪಾರ್ಸೆಲ್: ಶೂ ಬೇರೆ, ವಾಚ್ ಬೇರೆ

ಪ್ರಶ್ನೆ

ನಾನು ಉಡುಪಿ ಸಂತೆಕಟ್ಟೆಯವನು. ಹೊರದೇಶದ ಒಂದು ವೆಬ್‌ಸೈಟಿನಿಂದ ನನಗೊಂದು ಜೊತೆ ಬ್ರಾಂಡೆಡ್ ಶೂ, ಅಣ್ಣನ ಮದುವೆಯ ಮೆಹಂದಿಗೆ ಅವನ ಐದು ಮಂದಿ ಗೆಳೆಯರಿಗೆ ಕೊಡಲೆಂದು ಒಂದೇ ನಮೂನೆಯ ಐದು ವಾಚ್ ತರಿಸಿದ್ದೆ. ಶೂಗೆ 6,800 ರೂಪಾಯಿ. ಇಲ್ಲಿನ ಅಂಗಡಿಯಲ್ಲಿ ಅದರ ಬೆಲೆ ದುಪ್ಪಟ್ಟಿಗಿಂತ ಹೆಚ್ಚು, ಆದರೆ ವೆಬ್‌ಸೈಟಿನಲ್ಲಿ ‘ಒರಿಜಿನಲ್, ಔಟ್‌ಲೆಟ್ ಸ್ಟಾಕ್’ ಎಂದಿತ್ತು. ವಾಚ್ ಒಂದಕ್ಕೆ 1,900 ರೂಪಾಯಿ. ಅದು ಮಾಸ್ಟರ್ ಕಾಪಿ, ಅಂದರೆ ಅಸಲಿಯಂತೆ ಕಾಣುವ ನಕಲು ಎಂದು ಗೊತ್ತಿದ್ದೇ ತೆಗೆದುಕೊಂಡೆ. ಹಣವನ್ನೆಲ್ಲ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೇನೆ. ಪಾರ್ಸೆಲ್ ಬೆಂಗಳೂರು ವಿಮಾನ ನಿಲ್ದಾಣದ ಕೊರಿಯರ್ ವಿಭಾಗದಲ್ಲಿ ನಿಂತಿದೆ. ಸರಕು ನಕಲಿ ಎಂಬ ಅನುಮಾನದಿಂದ ತಡೆದಿದ್ದೇವೆ, ಇನ್‌ವಾಯ್ಸ್, ಗುರುತಿನ ದಾಖಲೆ ಮತ್ತು ವಿವರಣೆಯನ್ನು 15 ದಿನದೊಳಗೆ ಕೊಡಿ ಎಂದು ಕಸ್ಟಮ್ಸ್‌ನಿಂದ ಪತ್ರ ಬಂದಿದೆ. ಪಾರ್ಸೆಲ್ ಮೇಲೆ ಮಾರಿದವರು ‘ಗಿಫ್ಟ್, 20 ಡಾಲರ್’ ಎಂದು ಬರೆದಿದ್ದಾರಂತೆ. ಇದರ ನಡುವೆ ಕಸ್ಟಮ್ಸ್ ಆಫೀಸರ್ ಎಂದು ಹೇಳಿಕೊಂಡ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡಿ, 28,000 ರೂಪಾಯಿ ಹಾಕಿದರೆ ಕೇಸ್ ಮುಚ್ಚುತ್ತೇವೆ, ಇಲ್ಲದಿದ್ದರೆ ಅರೆಸ್ಟ್ ಎಂದರು. ನನಗೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಿದೆ, ಎರಡು ತಿಂಗಳಲ್ಲಿ ಹೊರಡಬೇಕು. ಪಾಸ್‌ಪೋರ್ಟಿಗೆ ತೊಂದರೆ ಆಗುತ್ತದೋ ಎಂದು ಅಪ್ಪನಿಗೆ ನಿದ್ದೆಯಿಲ್ಲ. ಮಾವ ಪತ್ರಕ್ಕೆ ಉತ್ತರವೇ ಬೇಡ ಎನ್ನುತ್ತಾರೆ. ಪಣಂಬೂರಿನ ಕಸ್ಟಮ್ಸ್ ಹೌಸ್‌ನಲ್ಲಿ ಪರಿಚಯದವರನ್ನು ಹಿಡಿಯೋಣ ಎನ್ನುವವರೂ ಇದ್ದಾರೆ. ದಂಡ ಕಟ್ಟಿ ಶೂವನ್ನಾದರೂ ಬಿಡಿಸಿಕೊಳ್ಳಬಹುದೇ? ಕೊಟ್ಟ ಹಣ ವಾಪಸ್ ಬರುತ್ತದೆಯೇ?

ಉತ್ತರ

ಮೊದಲು ಫೋನಿನ ವಿಷಯ. ಅದು ಇವತ್ತೇ ಮುಗಿಯಬೇಕು. 28,000 ರೂಪಾಯಿ ಬಿಡಿ, ಒಂದು ರೂಪಾಯಿಯನ್ನೂ ಹಾಕಬೇಡಿ. ಕಸ್ಟಮ್ಸ್ ಅಧಿಕಾರಿಗಳು ವಾಟ್ಸ್‌ಆ್ಯಪ್ ಕರೆ ಮಾಡಿ, ಯುಪಿಐ ನಂಬರ್ ಕೊಟ್ಟು ಹಣ ಹಾಕಿಸಿಕೊಳ್ಳುವ ಪದ್ಧತಿಯೇ ಇಲ್ಲ. ಅಂಚೆಯಲ್ಲಿ ಬಂದ ಪಾರ್ಸೆಲ್‌ಗೆ ಸುಂಕ ಬಿದ್ದರೆ ಪಾರ್ಸೆಲ್ ಕೊಡುವಾಗ ಅಂಚೆಯವರೇ ವಸೂಲಿ ಮಾಡುತ್ತಾರೆ. ಕೊರಿಯರ್‌ನಲ್ಲಿ ಬಂದರೆ ಕೊರಿಯರ್ ಕಂಪನಿ ಸುಂಕ ಕಟ್ಟಿ ನಿಮ್ಮಿಂದ ಬಿಲ್ ಕೊಟ್ಟು ಪಡೆಯುತ್ತದೆ. ದಂಡವೆಂದರೆ ಲಿಖಿತ ಆದೇಶ ಹೊರಬಿದ್ದ ಮೇಲಿನ ಮಾತು. ನಿಮಗೆ ಇನ್ನೂ ಆದೇಶವೇ ಆಗಿಲ್ಲ, ಹಾಗಿರುವಾಗ ಯಾವ ದಂಡ, ಯಾವ ಕೇಸ್ ಮುಚ್ಚುವುದು? ಪಾರ್ಸೆಲ್ ಹೆಸರು ಹೇಳಿ ಹೆದರಿಸುವ ಇಂಥ ಕರೆಗಳು ಪಾರ್ಸೆಲ್ಲೇ ತರಿಸದವರಿಗೂ ಬರುತ್ತಿವೆ. ಆ ನಂಬರ್, ಕರೆ ಬಂದ ಹೊತ್ತು, ಅವರು ಕೊಟ್ಟ ಯುಪಿಐ ವಿಳಾಸ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1930ಕ್ಕೆ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ. ಆಮೇಲೆ ನಂಬರನ್ನು ಬ್ಲಾಕ್ ಮಾಡಿ. ಮತ್ತೆ ಮಾತಿಗೆ ಸಿಕ್ಕಬೇಡಿ.

ಹಾಗಾದರೆ ಅಂಚೆಯಲ್ಲಿ ಬಂದ ಪತ್ರವೂ ಸುಳ್ಳೋ ಎಂಬ ಸಂಶಯ ಸಹಜ. ಅದನ್ನು ನೋಡಿಕೊಳ್ಳಲು ಒಂದು ದಾರಿ ಇದೆ. 2019ರ ನವೆಂಬರ್ 8ರಿಂದ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಇಲಾಖೆಯ ಪತ್ರಗಳ ಮೇಲೆ ಡಿಐಎನ್ ಎಂಬ ಉದ್ದನೆಯ ಗುರುತಿನ ಸಂಖ್ಯೆ ಹಾಕುವ ಪದ್ಧತಿ ಬಂದಿದೆ. ನೀವು ಕಳಿಸಿದ ಫೋಟೊದಲ್ಲಿ ಪತ್ರದ ನೆತ್ತಿಯಲ್ಲೇ ಅದು ಕಾಣುತ್ತದೆ. ಸಿಬಿಐಸಿ, ಅಂದರೆ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಪತ್ರ ಯಾವ ಕಚೇರಿಯಿಂದ ಹೊರಟಿದೆ ಎಂದು ತೋರಿಸುತ್ತದೆ. ಅದರ ಜೊತೆಗೆ ಪತ್ರದಲ್ಲಿರುವ ಕೊರಿಯರ್ ಬಿಲ್ಲಿನ ಸಂಖ್ಯೆಯನ್ನು ನಿಮ್ಮ ಟ್ರ್ಯಾಕಿಂಗ್ ಸಂಖ್ಯೆಯೊಂದಿಗೆ ಅಂಕೆ ಅಂಕೆ ಹೋಲಿಸಿ. ಎರಡೂ ತಾಳೆಯಾದರೆ ಪತ್ರ ಅಸಲಿ.

ಅಸಲಿ ಪತ್ರ ಎಂದಾದರೆ ಮಾವನ ಸಲಹೆಯನ್ನು ಕೇಳಬೇಡಿ. ಸುಮ್ಮನಿದ್ದರೆ ಕಡತ ಮಾಯವಾಗುವುದಿಲ್ಲ. ನಿಮ್ಮ ಮಾತಿಲ್ಲದೆ ಮುಂದೆ ಹೋಗುತ್ತದೆ, ಏಕಪಕ್ಷೀಯವಾಗಿ ಆದೇಶ ಆಗುತ್ತದೆ. ದಂಡ ಹಾಕಿದರೆ ಅದು ಸರ್ಕಾರಿ ಬಾಕಿಯಾಗಿ ನಿಮ್ಮ ಹೆಸರಿನಲ್ಲಿ ಕುಳಿತುಕೊಳ್ಳುತ್ತದೆ, ವಸೂಲಿಗೆ ಕಸ್ಟಮ್ಸ್ ಕಾಯ್ದೆಯ 142ನೇ ಸೆಕ್ಷನ್‌ನಲ್ಲಿ ಬೇಕಾದಷ್ಟು ದಾರಿಗಳಿವೆ. ನೀವು ಅಬುಧಾಬಿಯಲ್ಲಿರುವಾಗ ಸಂತೆಕಟ್ಟೆಯ ಮನೆಗೆ ನೋಟಿಸ್ ಬಂದು ಅಪ್ಪ ಒಬ್ಬರೇ ಅದನ್ನು ಹಿಡಿದು ಕೂರುವ ಹಾಗೆ ಮಾಡಬೇಡಿ.

ಪಣಂಬೂರಿಗೆ ಹೋಗುವುದರಿಂದಲೂ ಏನೂ ಸಾಗುವುದಿಲ್ಲ. ಸರಕು ಎಲ್ಲಿ ನಿಂತಿದೆಯೋ ಅಲ್ಲಿನ ಅಧಿಕಾರಿಗೇ ಅದರ ಮೇಲೆ ಅಧಿಕಾರ. ನಿಮ್ಮ ಪಾರ್ಸೆಲ್ ಇರುವುದು ಬೆಂಗಳೂರಿನಲ್ಲಿ, ಪಣಂಬೂರಿನ ಕಚೇರಿಗೆ ಆ ಕಡತವೇ ಬರುವುದಿಲ್ಲ. ಪರಿಚಯ ಹಿಡಿದು ಮಾತಾಡಿಸುತ್ತೇವೆ ಎಂದು ಯಾರಾದರೂ ನಡುವೆ ಹಣ ಕೇಳಿದರೆ ಅವರಿಗೂ ಆ ವಾಟ್ಸ್‌ಆ್ಯಪ್ ಆಫೀಸರ್‌ಗೂ ವ್ಯತ್ಯಾಸವಿಲ್ಲ.

ಈಗ ಪತ್ರದ ಒಳಗೆ ಏನಿದೆ ನೋಡೋಣ. ಬೌದ್ಧಿಕ ಆಸ್ತಿ ಹಕ್ಕುಗಳ (ಬ್ರಾಂಡಿನ ಹೆಸರು, ಗುರುತಿನ ಮೇಲೆ ಅದರ ಒಡೆಯರಿಗಿರುವಂಥ ಹಕ್ಕುಗಳು) ಬಗ್ಗೆ 2007ರ ಮೇ 8ರಂದು ಹೊರಟ ನಿಯಮಗಳ ಅಡಿಯಲ್ಲಿ ಸರಕಿನ ಬಿಡುಗಡೆಯನ್ನು ತಡೆದಿದ್ದೇವೆ ಎಂದು ಅದರಲ್ಲಿದೆ. ಅಂದರೆ ಸದ್ಯಕ್ಕೆ ಅದು ಬರೀ ತಡೆ. ಜಪ್ತಿ ಅದರ ಮುಂದಿನ ಮೆಟ್ಟಿಲು. ಜಪ್ತಿಯಾದರೆ ಆರು ತಿಂಗಳೊಳಗೆ ಷೋಕಾಸ್ ನೋಟಿಸ್, ಅಂದರೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಕಾರಣ ಕೇಳುವ ನೋಟಿಸ್ ಕೊಡಬೇಕು; ಕಾರಣ ಬರೆದು ಇನ್ನಾರು ತಿಂಗಳು ಮುಂದೂಡಬಹುದು. ನೋಟಿಸಿನ ನಂತರ ನಿಮ್ಮ ಉತ್ತರ, ವಿಚಾರಣೆ, ಆಮೇಲೆ ಆದೇಶ. ಸರಕನ್ನು ಪೂರ್ತಿಯಾಗಿ ಸರ್ಕಾರದ ವಶಕ್ಕೆ ತೆಗೆದುಕೊಳ್ಳುವ ಮುಟ್ಟುಗೋಲು ಆ ಆದೇಶದಲ್ಲೇ ಆಗಬೇಕು. ನೀವು ಇನ್ನೂ ಮೊದಲ ಮೆಟ್ಟಿಲಿನಲ್ಲಿದ್ದೀರಿ. ಇಲ್ಲಿ ಕೊಡುವ ಉತ್ತರ ಮುಂದಿನ ಎಲ್ಲ ಮೆಟ್ಟಿಲುಗಳಿಗೂ ತಳಪಾಯ.

ನಕಲಿ ಹೌದೋ ಅಲ್ಲವೋ ಎಂದು ಅಧಿಕಾರಿ ಒಬ್ಬರೇ ಕಣ್ಣಂದಾಜಿನಲ್ಲಿ ತೀರ್ಮಾನಿಸುವುದಿಲ್ಲ. ಹೆಸರಾಂತ ಬ್ರಾಂಡ್‌ಗಳವರು ತಮ್ಮ ಟ್ರೇಡ್‌ಮಾರ್ಕನ್ನು ಕಸ್ಟಮ್ಸ್‌ನಲ್ಲಿ ಮೊದಲೇ ನೋಂದಾಯಿಸಿರುತ್ತಾರೆ. ಅನುಮಾನದ ಸರಕು ಸಿಕ್ಕಿದರೆ ಅವರಿಗೆ ತಿಳಿಸುತ್ತಾರೆ. ಅವರು 10 ಕೆಲಸದ ದಿನಗಳೊಳಗೆ ಬಂದು ಪ್ರಕ್ರಿಯೆಯಲ್ಲಿ ಸೇರಿಕೊಳ್ಳಬೇಕು. ಬೇಕಾದರೆ ಇನ್ನು 10 ದಿನ ಸಿಗುತ್ತದೆ. ಬಾರದಿದ್ದರೆ, ಬೇರೆ ತಕರಾರು ಇಲ್ಲದ ಪಕ್ಷದಲ್ಲಿ, ಸರಕು ಬಿಡಬೇಕು. ಬಂದರೆ ಪರೀಕ್ಷೆ ನಡೆಯುತ್ತದೆ. ಶೂ ಆದರೆ ನಾಲಗೆಯ ಒಳಗೆ ಹೊಲಿದ ಪುಟ್ಟ ಲೇಬಲ್ ಇರುತ್ತದಲ್ಲ, ಮೊದಲು ಅದನ್ನು ತಿರುವಿ ನೋಡುತ್ತಾರೆ. ಅದರಲ್ಲಿ ಅಳತೆ, ಮಾಡೆಲ್ ಕೋಡ್, ತಯಾರಾದ ತಾರೀಖು ಇರುತ್ತವೆ. ಆ ಕೋಡ್ ಡಬ್ಬಿಯ ಮೇಲಿನ ಕೋಡಿಗೆ ಹೊಂದಬೇಕು, ಕೋಡ್ ಹೇಳುವ ಬಣ್ಣವೇ ಶೂವಿನ ಬಣ್ಣ ಆಗಿರಬೇಕು. ನಕಲಿ ಮಾಡುವವರು ಒಂದೇ ಲೇಬಲ್ಲನ್ನು ಹತ್ತು ಬಣ್ಣದ ಶೂಗಳಿಗೆ ಹೊಲಿದುಬಿಡುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ವಾಚಿನಲ್ಲಿ ಹಿಂಬದಿಯ ಮುಚ್ಚಳದ ಸೀರಿಯಲ್ ನಂಬರ್ ನೋಡುತ್ತಾರೆ. ಐದು ವಾಚಿಗೂ ಒಂದೇ ನಂಬರ್ ಇದ್ದರೆ ಮತ್ತೆ ಹೇಳಲು ಏನೂ ಉಳಿಯುವುದಿಲ್ಲ.

ನಿಮ್ಮ ಪರವಾಗಿ ಒಂದು ಬಲವಾದ ಅಂಶವಿದೆ, ಅದನ್ನು ಉತ್ತರದಲ್ಲಿ ಬರೆಯಲೇಬೇಕು. ಅದೇ 2007ರ ನಿಯಮಗಳು, ಸ್ವಂತ ಬಳಕೆಗಾಗಿ ಸಣ್ಣ ಪ್ರಮಾಣದಲ್ಲಿ ಬರುವ, ವ್ಯಾಪಾರದ್ದಲ್ಲದ ಸರಕನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಪ್ರಯಾಣಿಕರ ಲಗೇಜಿನಲ್ಲಿ ಬರುವ ಅಂಥ ಸಾಮಾನಿಗೂ ಇದು ಅನ್ವಯ. ಬೌದ್ಧಿಕ ಆಸ್ತಿ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 60ನೇ ವಿಧಿ ದೇಶಗಳಿಗೆ ಇಂಥ ವಿನಾಯಿತಿ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಆದರೆ ಎಷ್ಟು ಇದ್ದರೆ ಸಣ್ಣದು ಎಂಬ ಅಂಕೆ ನಿಯಮದಲ್ಲಿಲ್ಲ. ಅಧಿಕಾರಿ ನೋಡುವುದು ಒಟ್ಟು ಚಿತ್ರವನ್ನು. ಒಂದು ಜೊತೆ ಶೂ, ಅದೂ ನಿಮ್ಮದೇ ಅಳತೆಯದು: ಸ್ವಂತ ಬಳಕೆ ಎಂದರೆ ಯಾರೂ ಇಲ್ಲವೆನ್ನಲಾರರು. ಒಂದೇ ನಮೂನೆಯ ಐದು ವಾಚ್ ಹಾಗಲ್ಲ. ಮಂಗಳೂರು, ಉಡುಪಿಯಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಫಸ್ಟ್ ಕಾಪಿ ಮಾರುವವರು ಎಷ್ಟು ಮಂದಿ ಇದ್ದಾರೆಂದು ನಿಮಗೂ ಗೊತ್ತು. ಅವರು ತರಿಸುವುದೂ ಹೀಗೆಯೇ, ಐದು, ಹತ್ತು. ಅಧಿಕಾರಿಗೆ ನೀವೂ ಅವರಲ್ಲೊಬ್ಬರು ಎಂದು ಅನ್ನಿಸಿದರೆ ಅದು ಅವರ ತಪ್ಪಲ್ಲ. ಅನ್ನಿಸದ ಹಾಗೆ ದಾಖಲೆ ಕೊಡುವುದು ನಿಮ್ಮ ಕೆಲಸ.

ದಾಖಲೆ ನಿಮ್ಮ ಮನೆಯಲ್ಲೇ ಇದೆ. ಅಣ್ಣನ ಮದುವೆಯ ಕರೆಯೋಲೆ. ಮೆಹಂದಿಯ ದಿನಾಂಕ ಅದರಲ್ಲಿ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು. ಆರ್ಡರ್ ಮಾಡಿದ ದಿನಾಂಕ ಮದುವೆಗಿಂತ ಕೆಲವೇ ವಾರ ಮುಂಚೆ ಇದೆ ಎಂಬುದು ತಾನಾಗಿ ಕಾಣುತ್ತದೆ. ಐವರು ಗೆಳೆಯರ ಹೆಸರು ಬರೆಯಿರಿ. ಅವರಲ್ಲಿ ಒಂದಿಬ್ಬರು ‘ಇದು ನಮಗೆ ಮದುವೆಯ ಉಡುಗೊರೆಯಾಗಿ ಬರಬೇಕಿತ್ತು, ಹಣ ಕೊಟ್ಟಿಲ್ಲ’ ಎಂದು ಸಹಿ ಹಾಕಿಕೊಟ್ಟರೆ ಲಗತ್ತಿಸಿ. ನಿಮಗೆ ಜಿಎಸ್‌ಟಿ ನೋಂದಣಿ, ಆಮದು-ರಫ್ತು ಕೋಡ್, ಅಂಗಡಿ ಯಾವುದೂ ಇಲ್ಲ ಎಂದೂ, ಈ ಹಿಂದೆ ಇಂಥ ಸರಕು ತರಿಸಿಲ್ಲ ಎಂದೂ ಬರೆಯಿರಿ. ಕೊನೆಯದು ನಿಜವಾಗಿದ್ದರೆ ಮಾತ್ರ. ನಿಮ್ಮ ಹೆಸರು, ವಿಳಾಸಕ್ಕೆ ಈ ಹಿಂದೆ ಬಂದ ಕೊರಿಯರ್‌ಗಳ ಲೆಕ್ಕ ಅವರ ಕಂಪ್ಯೂಟರಿನಲ್ಲಿ ಇರುತ್ತದೆ.

ಇನ್ನು ಉತ್ತರದ ತಿರುಳು. ಇಲ್ಲಿ ಶೂವನ್ನೂ ವಾಚನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಡಿ. ‘ಎಲ್ಲವೂ ಅಸಲಿ ಎಂದು ನಂಬಿ ಕೊಂಡೆ’ ಎಂದು ಬರೆಯುವ ಆಸೆ ಬರುತ್ತದೆ, ಪಕ್ಕದಲ್ಲಿ ಕುಳಿತವರೂ ಹಾಗೆಯೇ ಬರೆ ಎನ್ನುತ್ತಾರೆ. ಬರೆಯಬೇಡಿ. ಆ ವಾಚಿನ ಅಸಲಿ ಬೆಲೆ ಲಕ್ಷದಲ್ಲಿದೆ. 1,900 ರೂಪಾಯಿಗೆ ಅಸಲಿ ಎಂದು ನಂಬಿದೆ ಎಂದರೆ ಓದುವವರು ಆ ಸಾಲಿನ ಜೊತೆ ನಿಮ್ಮ ಉಳಿದ ಎಲ್ಲ ಸಾಲುಗಳನ್ನೂ ಬದಿಗಿಡುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

‘ಶೂವನ್ನು ನನ್ನ ಸ್ವಂತ ಬಳಕೆಗೆ ಕೊಂಡಿದ್ದೇನೆ. ಮಾರಾಟದ ಪುಟದಲ್ಲಿ ಅದು ಒರಿಜಿನಲ್ ಎಂದು ಬರೆದಿತ್ತು, ಆ ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ವಾಚ್‌ಗಳನ್ನು ನನ್ನ ಅಣ್ಣನ ಮದುವೆಯಲ್ಲಿ ಐವರು ಗೆಳೆಯರಿಗೆ ಉಡುಗೊರೆ ಕೊಡಲು ತರಿಸಿದ್ದೇನೆ. ಅವು ಬ್ರಾಂಡ್ ಕಂಪನಿಯವಲ್ಲ ಎಂಬುದು ಬೆಲೆಯಿಂದಲೇ ತಿಳಿಯುತ್ತಿತ್ತು. ಇಂಥ ವಸ್ತುವನ್ನು ಸ್ವಂತಕ್ಕೆ ತರಿಸುವುದಕ್ಕೂ ನಿಷೇಧ ಅಡ್ಡ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಮಾರುವ ಉದ್ದೇಶ ಇರಲಿಲ್ಲ, ಇಲ್ಲ. ಒಟ್ಟು 16,300 ರೂಪಾಯಿಯನ್ನು ನನ್ನ ಕಾರ್ಡಿನಿಂದ ಕಟ್ಟಿದ್ದೇನೆ, ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಪಾರ್ಸೆಲ್ ಮೇಲೆ ಗಿಫ್ಟ್ ಎಂದೂ 20 ಡಾಲರ್ ಎಂದೂ ಬರೆದವರು ಮಾರಾಟಗಾರರು. ಹಾಗೆ ಬರೆಯಲು ನಾನು ಹೇಳಿಲ್ಲ.’

ಇಷ್ಟೇ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಸರಳವಾಗಿ ಬರೆದು ಸಹಿ ಹಾಕಿ. ಪತ್ರದಲ್ಲಿರುವ ಇಮೇಲ್‌ಗೆ ಕಳಿಸಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಕೊನೆಯ ಎರಡು ವಾಕ್ಯ ಬಹಳ ಮುಖ್ಯ. 2019ರ ಡಿಸೆಂಬರ್ 12ರಿಂದ, ಆನ್‌ಲೈನ್‌ನಲ್ಲಿ ಕೊಂಡದ್ದೂ ಸೇರಿದಂತೆ, ಗಿಫ್ಟ್ ಹೆಸರಿನಲ್ಲಿ ಸುಂಕವಿಲ್ಲದೆ ಅಂಚೆ, ಕೊರಿಯರ್ ಮೂಲಕ ಸರಕು ತರಿಸುವುದಕ್ಕೆ ನಿಷೇಧ ಇದೆ. ರಾಖಿ, ಜೀವರಕ್ಷಕ ಔಷಧಿಗೆ ಮಾತ್ರ ರಿಯಾಯಿತಿ. ಹಾಗಿದ್ದರೂ ಹೊರಗಿನ ಮಾರಾಟಗಾರರು ಇಂದಿಗೂ ಗಿಫ್ಟ್ ಎಂದೇ ಬರೆದು ಕಳಿಸುತ್ತಾರೆ. ಸಿಕ್ಕಿಬೀಳುವುದು ಇಲ್ಲಿ ಕುಳಿತ ನೀವು. ಅವರು ಬರೆದ ಆ ಸುಳ್ಳನ್ನು ನೀವು ಎತ್ತಿಕೊಂಡು ‘ದುಬೈಯ ಭಾವ ಕಳಿಸಿದ ಗಿಫ್ಟ್’ ಎಂದು ಸಹಿ ಹಾಕಿದಿರೋ, ಆಗ ಅದು ನಿಮ್ಮ ಸುಳ್ಳಾಗುತ್ತದೆ. ಕಸ್ಟಮ್ಸ್ ಕಾಯ್ದೆಯ 114ಎಎ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಸುಳ್ಳು ಹೇಳಿಕೆ, ಸುಳ್ಳು ದಾಖಲೆ ಕೊಟ್ಟವರಿಗೆ ಸರಕಿನ ಮೌಲ್ಯದ ಐದು ಪಟ್ಟಿನವರೆಗೆ ದಂಡ ಹಾಕಬಹುದು. ನಿಷೇಧಿತ ಸರಕು ತರಿಸಿದ್ದಕ್ಕೆ 112ನೇ ಸೆಕ್ಷನ್‌ನಲ್ಲಿರುವ ದಂಡದ ಮಿತಿ ಸರಕಿನ ಮೌಲ್ಯ ಅಥವಾ 5,000 ರೂಪಾಯಿ, ಯಾವುದು ಹೆಚ್ಚೋ ಅದು. ನೀವು ಕೊಟ್ಟ ಬೆಲೆಯನ್ನೇ ಮೌಲ್ಯವೆಂದು ಹಿಡಿದರೆ 16,300 ಅದರ ಮೇಲ್ಮಿತಿ. ಅದಕ್ಕಿಂತ ಕೆಳಗೆ ಎಷ್ಟಕ್ಕೂ ಇಳಿಸುವ ಅಧಿಕಾರ ಅಧಿಕಾರಿಗಿದೆ, ಸಣ್ಣ ಪ್ರಮಾಣ ಮತ್ತು ನೇರ ಉತ್ತರ ನೋಡಿ ಇಳಿಸುವುದೂ ಉಂಟು. ಸುಳ್ಳು ಹೇಳಿದರೆ 81,500ರವರೆಗಿನ ದಾರಿ ತೆರೆಯುತ್ತದೆ. ಸತ್ಯ ಬರೆಯಿರಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಶೂ ಬಿಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಸಾಮಾನ್ಯ ಸರಕಾದರೆ ಮುಟ್ಟುಗೋಲಿನ ಬದಲು ಒಂದು ಮೊತ್ತ ಕಟ್ಟಿ ಬಿಡಿಸಿಕೊಳ್ಳಲು 125ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನಿಷೇಧಿತ ಸರಕಿಗೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಬ್ರಾಂಡಿನವರು ಬಂದು ನಕಲಿ ಎಂದು ಸಾಬೀತುಮಾಡಿದ ಸರಕನ್ನಂತೂ ಅಧಿಕಾರಿಗಳ ಎದುರೇ ನಾಶ ಮಾಡಬೇಕು ಅಥವಾ ಮಾರುಕಟ್ಟೆಗೆ ಬಾರದ ರೀತಿಯಲ್ಲಿ ವಿಲೇವಾರಿ ಮಾಡಬೇಕು ಎಂದೇ ನಿಯಮ ಹೇಳುತ್ತದೆ. ಆದ್ದರಿಂದ ವಾಚಿನ ಆಸೆ ಈಗಲೇ ಬಿಡಿ. ಶೂ ಬರುವ ಸಾಧ್ಯತೆ ಎರಡು ಸಂದರ್ಭದಲ್ಲಿ ಮಾತ್ರ: ಸಣ್ಣ ಪ್ರಮಾಣದ ವಿನಾಯಿತಿಯನ್ನು ಅಧಿಕಾರಿ ಒಪ್ಪಿದರೆ, ಅಥವಾ ಅದು ನಿಜಕ್ಕೂ ಅಸಲಿಯಾಗಿದ್ದರೆ. ಅಸಲಿ ಸರಕನ್ನು ಕಂಪನಿಯ ಅಧಿಕೃತ ಡೀಲರ್ ಬಿಟ್ಟು ಬೇರೆಯವರಿಂದ ಹೊರದೇಶದಲ್ಲಿ ಕೊಂಡು ತರಿಸುವುದು ತಪ್ಪಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಯ 30(3)ನೇ ಸೆಕ್ಷನ್ ಆಧರಿಸಿ ಕಸ್ಟಮ್ಸ್ ಮಂಡಳಿಯೇ 2012ರ ಮೇ 8ರ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದರೆ ನಿಮಗೆ ಹುಸಿ ಭರವಸೆ ಕೊಡಲಾರೆ. ಒಂದು ಪುಟದಲ್ಲಿ ಮಾಸ್ಟರ್ ಕಾಪಿ ವಾಚ್ ಮಾರುವ ವೆಬ್‌ಸೈಟ್ ಇನ್ನೊಂದು ಪುಟದಲ್ಲಿ ಅರ್ಧ ಬೆಲೆಗೆ ಅಸಲಿ ಶೂ ಮಾರುತ್ತದೆಂದು ನಾನು ನಂಬುವುದಿಲ್ಲ. ಅಧಿಕಾರಿಯೂ ನಂಬುವುದು ಕಷ್ಟ.

ನಾಶ ಮಾಡುವ ಖರ್ಚು, ಅಲ್ಲಿಯವರೆಗಿನ ಡೆಮರೇಜ್ (ಸರಕು ಅಲ್ಲಿ ನಿಂತಿದ್ದಕ್ಕೆ ಬೀಳುವ ಬಾಡಿಗೆ) ನಿಮ್ಮ ತಲೆಗೆ ಬರುತ್ತದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2007ರ ನಿಯಮಗಳ ಪ್ರಕಾರ ಅದನ್ನು ಭರಿಸಬೇಕಾದವರು ಬ್ರಾಂಡಿನ ಹಕ್ಕುದಾರರು.

ಅಪ್ಪನಿಗೆ ಈ ಭಾಗ ಓದಿ ಹೇಳಿ. ಕಸ್ಟಮ್ಸ್‌ನ ಷೋಕಾಸ್ ನೋಟಿಸ್, ದಂಡದ ಆದೇಶ ಇವೆಲ್ಲ ಇಲಾಖೆಯೊಳಗಿನ ನಡಾವಳಿ. ಇದು ಕ್ರಿಮಿನಲ್ ಕೋರ್ಟಿನ ಕೇಸ್ ಅಲ್ಲ, ಪೊಲೀಸ್ ಎಫ್‌ಐಆರ್ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)ನೇ ಸೆಕ್ಷನ್‌ನಲ್ಲಿ ಪಾಸ್‌ಪೋರ್ಟ್ ನಿರಾಕರಿಸುವ ಕಾರಣಗಳ ಪಟ್ಟಿ ಇದೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಬಾಕಿ ಇರುವ ಮೊಕದ್ದಮೆ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಇಂಥವು ಅದರಲ್ಲಿವೆ. ಇಲಾಖೆಯ ನೋಟಿಸ್ ಅಲ್ಲಿಲ್ಲ. ಗಲ್ಫ್ ಕೆಲಸಕ್ಕೆ ಕೇಳುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೂ ಪೊಲೀಸ್ ಠಾಣೆಯ ದಾಖಲೆಯನ್ನೇ ನೋಡುವುದು. ಒಂದು ಜೊತೆ ಶೂ, ಐದು ವಾಚ್ ಸ್ವಂತಕ್ಕೆ ತರಿಸಿದ ಹುಡುಗನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಕಾರಣ ನನಗೆ ಕಾಣುವುದಿಲ್ಲ. ಮಾರಾಟದ ಕಥೆ ಬೇರೆ. ಸುಳ್ಳು ಟ್ರೇಡ್‌ಮಾರ್ಕಿನ ಸರಕು ಮಾರಿದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 104ನೇ ಸೆಕ್ಷನ್ ಅಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಪೊಲೀಸರ ಕೈಗೆ ಹೋಗುವ ವಿಷಯ, ಅದು ಪಾಸ್‌ಪೋರ್ಟಿಗೂ ಮುಟ್ಟುತ್ತದೆ. ನಿಮ್ಮ ಗೆಳೆಯರಲ್ಲಿ ಯಾರಾದರೂ ಮೊಬೈಲಿನಲ್ಲೇ ಫಸ್ಟ್ ಕಾಪಿ ವ್ಯಾಪಾರ ಇಟ್ಟುಕೊಂಡಿದ್ದರೆ, ಗಲ್ಫಿಗೆ ಹೊರಡುವ ಕನಸಿದ್ದರೆ, ಅವರಿಗೆ ಈ ಸೆಕ್ಷನ್ ತೋರಿಸಿ.

ಈಗ ಹಣ. ಮಾರಾಟಗಾರರು ನಿಮಗೆ ಇಷ್ಟರಲ್ಲೇ ಹೇಳಿರುತ್ತಾರೆ, ಇಲ್ಲದಿದ್ದರೆ ಮುಂದೆ ಹೇಳುತ್ತಾರೆ: ‘ಕಸ್ಟಮ್ಸ್‌ನವರಿಗೆ ಹೇಳಿ ಪಾರ್ಸೆಲ್ ನಮಗೆ ವಾಪಸ್ ಕಳಿಸಿಸಿ, ಬಂದ ಕೂಡಲೇ ಹಣ ಕೊಡುತ್ತೇವೆ.’ ಅದು ಆಗದ ಮಾತು ಎಂದು ಅವರಿಗೆ ಗೊತ್ತು. ನಕಲಿ ಎಂದು ತೀರ್ಮಾನವಾದ ಸರಕನ್ನು ಇದ್ದ ಸ್ಥಿತಿಯಲ್ಲೇ ಹೊರದೇಶಕ್ಕೆ ಮರಳಿಸಲು ನಮ್ಮ ನಿಯಮ ಬಿಡುವುದಿಲ್ಲ. ಬಿಟ್ಟರೆ ಅದೇ ಶೂ ಇನ್ನೊಬ್ಬರ ವಿಳಾಸಕ್ಕೆ ಹೋಗುತ್ತದೆ, ಅಷ್ಟೆ. ಈ ಮಾತಿನಲ್ಲಿ ನಿಮ್ಮನ್ನು ವಾರಗಟ್ಟಲೆ ಓಡಾಡಿಸುವುದರ ಹಿಂದೆ ಒಂದು ಲೆಕ್ಕಾಚಾರ ಇದೆ: ಬ್ಯಾಂಕಿಗೆ ದೂರು ಕೊಡುವ ಅವಧಿ ಕಳೆದುಹೋಗಲಿ ಎಂದು. ನಿಮ್ಮ ವಯಸ್ಸಿನ ಎಷ್ಟೋ ಮಂದಿ ಹೀಗೆಯೇ ಹಣ ಕಳೆದುಕೊಳ್ಳುವುದನ್ನು ನೋಡುವಾಗ ಸಿಟ್ಟು ಬರುತ್ತದೆ.

ನಿಮ್ಮ ದಾರಿ ಕಾರ್ಡ್ ಕೊಟ್ಟ ಬ್ಯಾಂಕ್. ಅಲ್ಲಿ ಡಿಸ್ಪ್ಯೂಟ್ (ತಕರಾರು) ಹಾಕಿ, ಚಾರ್ಜ್‌ಬ್ಯಾಕ್ ಕೇಳಿ, ಅಂದರೆ ಕಾರ್ಡಿನಿಂದ ಹೋದ ಹಣವನ್ನು ಮಾರಾಟಗಾರರಿಂದ ವಾಪಸ್ ತರಿಸಿಕೊಡಿ ಎಂದು. ಫಾರಂ ತುಂಬುವಾಗ ಹೆಚ್ಚಿನವರು ‘ಸರಕು ಬಂದಿಲ್ಲ’ ಎಂಬ ಕಾರಣಕ್ಕೆ ಟಿಕ್ ಹಾಕುತ್ತಾರೆ. ಅದು ಸೋಲುತ್ತದೆ, ಯಾಕೆಂದರೆ ಮಾರಾಟಗಾರರು ಟ್ರ್ಯಾಕಿಂಗ್ ತೋರಿಸಿ ‘ನಾವು ಕಳಿಸಿದ್ದೇವೆ, ಅವರ ದೇಶದ ಕಸ್ಟಮ್ಸ್ ಹಿಡಿದಿದೆ’ ಎನ್ನುತ್ತಾರೆ. ನಿಮ್ಮ ಕಾರಣ ‘ನಕಲಿ ಸರಕು’. ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮಗಳಲ್ಲೂ ಆ ಕಾರಣಕ್ಕೆ ಜಾಗ ಇದೆ. ವೀಸಾದಲ್ಲಂತೂ ಕಸ್ಟಮ್ಸ್ ಇಲಾಖೆ ನಕಲಿ ಎಂದು ಗುರುತಿಸಿದ ಸರಕನ್ನು ಹೆಸರಿಸಿಯೇ ಸೇರಿಸಿದ್ದಾರೆ, ನಕಲಿ ಎಂದು ತಿಳಿದ ದಿನದಿಂದ 120 ದಿನದ ಅವಧಿ ಕೊಟ್ಟಿದ್ದಾರೆ. ಆದರೂ ಕಾಯಬೇಡಿ. ಈಗಿನ ಪತ್ರವನ್ನೇ ಲಗತ್ತಿಸಿ ಈ ವಾರವೇ ದೂರು ದಾಖಲಿಸಿ; ಮುಂದೆ ಜಪ್ತಿ ಅಥವಾ ಆದೇಶದ ಪ್ರತಿ ಬಂದಾಗ ಅದನ್ನೂ ಸೇರಿಸಿ. ಸರಕು ವಾಪಸ್ ಕಳಿಸಿದ ಪುರಾವೆ ಕೊಡಿ ಎಂದು ಬ್ಯಾಂಕಿನವರು ಕೇಳಿದರೆ, ಸರಕು ಕಸ್ಟಮ್ಸ್ ವಶದಲ್ಲಿದೆ, ಕಾನೂನು ಪ್ರಕಾರ ಮರಳಿಸಲು ಸಾಧ್ಯವಿಲ್ಲ ಎಂದು ಆ ಪತ್ರವನ್ನೇ ತೋರಿಸಿ. ‘ಒರಿಜಿನಲ್’ ಎಂದು ಬರೆದ ಪುಟದ ಸ್ಕ್ರೀನ್‌ಶಾಟ್ ಈಗಲೇ ತೆಗೆಯಿರಿ, ವಿಳಾಸದ ಸಾಲು ಮತ್ತು ದಿನಾಂಕ ಕಾಣುವ ಹಾಗೆ. ಇಂಥ ವೆಬ್‌ಸೈಟ್‌ಗಳು ರಾತ್ರಿ ಬೆಳಗಾಗುವುದರೊಳಗೆ ಹೆಸರು ಬದಲಿಸುತ್ತವೆ.

ಇದು 6,800 ರೂಪಾಯಿಯ ಶೂಗೆ ಮಾತ್ರ. ವಾಚಿನ 9,500 ಕೇಳಬೇಡಿ. ಮಾಸ್ಟರ್ ಕಾಪಿ ಎಂದು ಹೇಳಿಯೇ ಮಾರಿದ್ದಾರೆ, ತಿಳಿದೇ ಕೊಂಡಿದ್ದೀರಿ, ಬ್ಯಾಂಕಿನ ಎದುರು ಮೋಸಹೋದೆ ಎನ್ನಲು ಬಾಯಿ ಇಲ್ಲ. ಎರಡನ್ನೂ ಸೇರಿಸಿ ಕೇಳಿದರೆ ಶೂವಿನ ದೂರೂ ದುರ್ಬಲವಾಗುತ್ತದೆ. ಗ್ರಾಹಕರ ಆಯೋಗಕ್ಕೆ ಹೋಗಬಹುದು ನಿಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಇದೆ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಆದರೆ ವಿಳಾಸವಿಲ್ಲದ ಹೊರದೇಶದ ವೆಬ್‌ಸೈಟಿನ ಮೇಲೆ ಆದೇಶ ತಂದು ಅದನ್ನು ಜಾರಿ ಮಾಡಿಸುವವರು ಯಾರು? ಅದಕ್ಕೆ ಹಾಕುವ ಶ್ರಮವನ್ನು ಬ್ಯಾಂಕಿನ ದೂರಿಗೆ ಹಾಕಿ.

ಹೀಗೆ ಆದ ಮೇಲೆ ದುಬೈಯ ಭಾವನ ಕೈಯಲ್ಲಿ ತರಿಸೋಣ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ನಮ್ಮ ಕರಾವಳಿಯಲ್ಲಿ ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚುವುದೆಂದರೆ ಮನೆಮಂದಿಗೆಲ್ಲ ಹಬ್ಬ, ಆ ಪ್ರೀತಿ ನನಗೂ ಗೊತ್ತು. ಸ್ವಂತಕ್ಕೋ ಮನೆಯವರಿಗೋ ತರುವ ಸಾಮಾನಿಗೆ ಅಡ್ಡಿಯಿಲ್ಲ. ಆದರೆ ಒಂದೇ ಥರದ ಐದು ನಕಲಿ ವಾಚ್ ಮಂಗಳೂರಿನ ಕೆಂಜಾರು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ಪ್ರಶ್ನೆ ಕೇಳಿಸಿಕೊಳ್ಳಬೇಕಾದವರು ಭಾವ. ಹತ್ತು ಗಂಟೆ ದುಡಿದು ರಜೆಗೆ ಬರುವವರನ್ನು ಈ ಗೋಜಿಗೆ ಎಳೆಯಬೇಡಿ. ಗೆಳೆಯರಿಗೆ ಇಲ್ಲಿಯೇ ಸಿಗುವ ನಮ್ಮ ದೇಶದ ಕಂಪನಿಯ ವಾಚ್ ಕೊಡಿ. 1,900 ರೂಪಾಯಿಗೆ ಗ್ಯಾರಂಟಿ ಕಾರ್ಡ್ ಸಮೇತ ಬರುತ್ತದೆ. ವಾಚ್ ನಕಲಿಯಾದರೆ ಹೊತ್ತು ತಪ್ಪೀತು, ಅಷ್ಟೇ. ಇಂಥದೇ ವೆಬ್‌ಸೈಟ್‌ಗಳು ಬ್ರಾಂಡ್ ಹೆಸರು ಹಚ್ಚಿದ ಚಾರ್ಜರ್, ಪವರ್ ಬ್ಯಾಂಕ್, ಮುಖಕ್ಕೆ ಹಚ್ಚುವ ಕ್ರೀಮ್ ಕೂಡ ಮಾರುತ್ತವೆ. ಅವನ್ನು ಮಾತ್ರ ದಯವಿಟ್ಟು ಮನೆಯೊಳಗೆ ತರಬೇಡಿ. ದಿಂಬಿನ ಪಕ್ಕ ರಾತ್ರಿಯಿಡೀ ಚಾರ್ಜಿಗೆ ಇಡುವ ವಸ್ತು ಅದು.

ಕೊನೆಯದಾಗಿ ನಿಮ್ಮ ಪ್ರಯಾಣ. ಪ್ರಕರಣ ಷೋಕಾಸ್ ನೋಟಿಸ್‌ವರೆಗೆ ಹೋದರೆ ವಿಚಾರಣೆ ಬರುವ ಹೊತ್ತಿಗೆ ನೀವು ಅಬುಧಾಬಿಯಲ್ಲಿರಬಹುದು. ಅದಕ್ಕಾಗಿ ಟಿಕೆಟ್ ಮುಂದೂಡಬೇಕಿಲ್ಲ. ಈಗ ವಿಡಿಯೊ ಕಾನ್ಫರೆನ್ಸ್ ಮೂಲಕವೂ ವಿಚಾರಣೆ ನಡೆಸುತ್ತಾರೆ, ನಿಮ್ಮ ಉತ್ತರದಲ್ಲೇ ಅದನ್ನು ಕೋರಿಕೊಳ್ಳಿ. ಇಲ್ಲವಾದರೆ ಕಸ್ಟಮ್ಸ್ ಕಾಯ್ದೆಯ 146ಎ ಸೆಕ್ಷನ್ ಪ್ರಕಾರ ನಿಮ್ಮ ಪರವಾಗಿ ಸಂಬಂಧಿಕರೊಬ್ಬರು, ಕಸ್ಟಮ್ಸ್ ಬ್ರೋಕರ್ ಅಥವಾ ವಕೀಲರು ಹಾಜರಾಗಬಹುದು. ಅಪ್ಪನ ಹೆಸರಿಗೆ ಒಂದು ಅಧಿಕಾರ ಪತ್ರ ಬರೆದು ಸಹಿ ಹಾಕಿಟ್ಟು ಹೊರಡಿ. ಸಂತೆಕಟ್ಟೆಯ ವಿಳಾಸದ ಜೊತೆಗೆ ನೀವು ದಿನಾ ನೋಡುವ ಇಮೇಲ್ ವಿಳಾಸವನ್ನೂ ಕಚೇರಿಗೆ ಬರೆದು ಕೊಡಿ. ಆದೇಶ ಕೈಗೆ ಬಂದ ದಿನಾಂಕವನ್ನು ಅಪ್ಪ ಲಕೋಟೆಯ ಮೇಲೆಯೇ ಬರೆದಿಡಲಿ. ದಂಡ ಹೆಚ್ಚಾಯಿತು ಎನ್ನಿಸಿದರೆ ಆ ದಿನದಿಂದ 60 ದಿನದೊಳಗೆ ಕಮಿಷನರ್ (ಅಪೀಲು) ಅವರಿಗೆ ಮೇಲ್ಮನವಿ ಸಲ್ಲಿಸಬೇಕು. ಅದಕ್ಕೆ ದಂಡದ ಶೇ 7.5ರಷ್ಟನ್ನು ಮೊದಲೇ ಕಟ್ಟಬೇಕಾಗುತ್ತದೆ. ತಡವಾದರೆ ಸರಿಯಾದ ಕಾರಣ ತೋರಿಸಿ ಇನ್ನು 30 ದಿನ ಪಡೆಯಬಹುದು. ಅದರಾಚೆಗೆ ಮನ್ನಿಸುವ ಅಧಿಕಾರ ಅವರಿಗೂ ಇಲ್ಲ.